ಹ್ಯುಮಿಡಿಫೈಯರ್‌ನಲ್ಲಿ ಕಟ್ಟಿದ ಸುಣ್ಣ: ಕೆರೆಯಬೇಡಿ, ನೆನೆಸಿ

ಕೋಣೆಯ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಈಗ ನಮ್ಮ ಕಡೆಯ ಮನೆಗಳಿಗೂ ಬಂದಿದೆ. ಬಾಣಂತಿಯ ಕೋಣೆಯಲ್ಲಿ, ರಾತ್ರಿಯಿಡೀ ಏಸಿ ಓಡುವ ಕಡೆ, ಚಳಿಗಾಲದ ಒಣಗಾಳಿಗೆ ಮೂಗು ಗಂಟಲು ಒಣಗಿ ಒದ್ದಾಡುವವರ ಹಾಸಿಗೆಯ ಪಕ್ಕ ಅದನ್ನು ಕಾಣಬಹುದು. ತಂದ ಹೊಸತರಲ್ಲಿ ದಟ್ಟವಾಗಿ ಮಂಜು ಉಗುಳುತ್ತದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮಂಜು ತೆಳುವಾಗುತ್ತದೆ. ಟಿವಿಯ ಕಪ್ಪು ಪರದೆಯ ಮೇಲೆ ಬೆರಳಾಡಿಸಿದರೆ ಬಿಳಿ ಹುಡಿ ಅಂಟಿಕೊಳ್ಳುತ್ತದೆ. ‘ಚೀನಾ ಮಾಲು, ಇಷ್ಟೇ ಬಾಳಿಕೆ’ ಎಂದು ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ.

ತೀರ್ಪಿಗೆ ಮೊದಲು ನೀರಿನ ತೊಟ್ಟಿಯನ್ನು ಎತ್ತಿ, ಅದರ ಕೆಳಗಿನ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮೂಲೆಗಳಲ್ಲಿ ಬಿಳಿ, ಕೆಲವೊಮ್ಮೆ ತುಸು ಹಳದಿ ಬಣ್ಣದ ಒರಟು ಪದರ ಕಟ್ಟಿರುತ್ತದೆ. ನಾಣ್ಯದಷ್ಟು ಅಗಲದ ಲೋಹದ ಬಿಲ್ಲೆಯ ಸುತ್ತ ಅದೇ ಪದರ ಉಂಗುರ ಕಟ್ಟಿರುತ್ತದೆ, ಬಿಲ್ಲೆಯ ಹೊಳಪು ಮಾಸಿರುತ್ತದೆ. ಬಹಳಷ್ಟು ಸಲ ಯಂತ್ರ ಕೆಟ್ಟಿರುವುದಿಲ್ಲ, ಸುಣ್ಣದಲ್ಲಿ ಹೂತುಹೋಗಿರುತ್ತದೆ ಅಷ್ಟೇ. ಬಿಡಿಸುವುದು ಕಷ್ಟವಲ್ಲ. ಆದರೆ ಅವಸರದಲ್ಲಿ ಚಾಕು, ಸ್ಕ್ರೂಡ್ರೈವರ್, ತಂತಿ ಜುಂಗು ಹಿಡಿದು ಕೂತವರ ಯಂತ್ರ ನಿಜವಾಗಿಯೂ ಕೆಡುತ್ತದೆ. ಸುಣ್ಣವನ್ನು ಬಿಡಿಸಬೇಕಾದದ್ದು ಹುಳಿ ಮತ್ತು ಸಮಯ. ನಿಮ್ಮ ಕೈಗೆ ಅಲ್ಲಿ ಹೆಚ್ಚು ಕೆಲಸವಿಲ್ಲ.

ಸುಣ್ಣ ಬಂದದ್ದು ಎಲ್ಲಿಂದ

ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ನಳದಲ್ಲಿ ಬರುವುದು ಸವದತ್ತಿ ಬಳಿಯ ನವಿಲುತೀರ್ಥದ ರೇಣುಕಾ ಸಾಗರದಿಂದ ತರುವ ಮಲಪ್ರಭೆಯ ನೀರು. ಗದಗ-ಬೆಟಗೇರಿಗೆ ಬರುವುದು ತುಂಗಭದ್ರೆಯದು. ಹೊಳೆಯ ನೀರು ಬೋರ್ ನೀರಿಗಿಂತ ಮೃದು. ತೊಂದರೆ ಏನೆಂದರೆ, ಎಷ್ಟೋ ಬಡಾವಣೆಗಳಲ್ಲಿ ನಳ ಬರುವುದು ದಿನಗಳ ಅಂತರದಲ್ಲಿ. ನಡುವಿನ ದಿನಗಳಿಗೆ ಬೋರ್‌ವೆಲ್, ಇಲ್ಲವೇ ಟ್ಯಾಂಕರ್. ಮೇಲಿನ ಟಾಕಿಯಲ್ಲಿ ಎರಡೂ ಬೆರೆತ ಮೇಲೆ ಇವತ್ತು ಕೊಡದಲ್ಲಿ ಬಿದ್ದದ್ದು ಯಾವ ನೀರು ಎಂದು ಮನೆಯವರಿಗೇ ಗೊತ್ತಿರುವುದಿಲ್ಲ. ನವಲಗುಂದ, ನರಗುಂದ, ರೋಣದ ಎರೆಭೂಮಿಯಲ್ಲಂತೂ ಮಣ್ಣಿನೊಳಗೇ ಸುಣ್ಣದ ಹರಳುಗಳಿವೆ, ಬೋರ್ ನೀರು ಬಾಯಿಗಿಟ್ಟರೆ ಸವಳು. ಗದಗ ಜಿಲ್ಲೆಯ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಕೂಡ ಹೆಚ್ಚು. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದದ್ದು ಸುಮ್ಮನೆ ಅಲ್ಲ.

ನೆಲದೊಳಗಿನ ನೀರು ಕಲ್ಲು ಮಣ್ಣಿನ ನಡುವೆ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ನೀರು ಕಾದಾಗ ಅಥವಾ ಆರಿದಾಗ ಅದರಲ್ಲಿನ ಬೈಕಾರ್ಬನೇಟ್ ಒಡೆದು, ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿ, ಕ್ಯಾಲ್ಸಿಯಂ ಕಾರ್ಬನೇಟ್ ಗಟ್ಟಿಯಾಗಿ ಉಳಿಯುತ್ತದೆ. ಗೀಸರ್‌ನ ಕಾಯಿಲ್ ಮೇಲೆ, ಸ್ನಾನದ ಮನೆಯ ನಳದ ಮೂತಿಯಲ್ಲಿ, ಚಹಾ ಕಾಯಿಸುವ ಪಾತ್ರೆಯ ತಳದಲ್ಲಿ ಕಾಣುವುದೂ ಇದೇ ವಸ್ತು.

ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500ರ ಪ್ರಕಾರ ಗಡಸುತನ, ಅಂದರೆ ನೀರಿನಲ್ಲಿ ಕರಗಿದ ಈ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಪ್ರಮಾಣ, ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪುತ್ತಾರೆ. ನಿಮ್ಮ ಬೋರ್ ನೀರು 600 ಇದೆ ಎಂದಿಟ್ಟುಕೊಳ್ಳಿ. ಯಂತ್ರ ಒಂದು ರಾತ್ರಿಗೆ ಮೂರು ಲೀಟರ್ ನೀರು ಖಾಲಿ ಮಾಡಿದರೆ 1.8 ಗ್ರಾಂ. ತಿಂಗಳಿಗೆ 54 ಗ್ರಾಂ. ಕುಡಿಯಲು ಒಪ್ಪಿಗೆಯಿರುವ ನೀರಿನಲ್ಲೇ ಇಷ್ಟು. ಈ 54 ಗ್ರಾಂನಲ್ಲಿ ಒಂದು ಪಾಲು ಬಟ್ಟಲಿನಲ್ಲಿ ಕೂರುತ್ತದೆ, ಉಳಿದದ್ದು ಮಂಜಿನ ಜೊತೆ ಹಾರಿ ಪೀಠೋಪಕರಣದ ಮೇಲೂ ನಿಮ್ಮ ಉಸಿರಿನಲ್ಲೂ ಸೇರುತ್ತದೆ.

ನಿಮ್ಮದು ಯಾವ ಬಗೆ

ಪೇಟೆಯಲ್ಲಿ ಹೆಚ್ಚಾಗಿ ಸಿಗುವುದು ಅಲ್ಟ್ರಾಸಾನಿಕ್ ಬಗೆ. ಅದರ ಬಟ್ಟಲಿನ ತಳದ ಪುಟ್ಟ ಬಿಲ್ಲೆ ಸೆಕೆಂಡಿಗೆ ಸುಮಾರು 17 ಲಕ್ಷ ಸಲ ಕಂಪಿಸಿ ನೀರನ್ನು ಸಿಡಿಸಿ ತಣ್ಣನೆಯ ಮಂಜು ಮಾಡುತ್ತದೆ. ನೀರು ಕಾಯುವುದಿಲ್ಲ, ಆವಿಯೂ ಆಗುವುದಿಲ್ಲ. ಹನಿಯೇ ಒಡೆದು ಹಾರುವುದರಿಂದ ಅದರಲ್ಲಿದ್ದ ಲವಣವೂ ಹಾರುತ್ತದೆ. ಬಿಳಿ ಹುಡಿಯ ಕಾಟ ಇದರದ್ದೇ. ಎರಡನೆಯದು ನೀರು ಕುದಿಸುವ ಹಬೆ ಯಂತ್ರ. ಇದು ಲವಣವನ್ನು ಹೊರಗೆ ಬಿಡುವುದಿಲ್ಲ, ಎಲ್ಲವನ್ನೂ ತನ್ನ ಹೊಟ್ಟೆಯಲ್ಲೇ ಕಟ್ಟಿಕೊಳ್ಳುತ್ತದೆ. ಮೂರನೆಯದು ಒದ್ದೆ ಬತ್ತಿ ಅಥವಾ ಪ್ಯಾಡ್ ಮೂಲಕ ಫ್ಯಾನ್ ಗಾಳಿ ಹಾಯಿಸುವ ಬಗೆ. ನಮ್ಮ ಬೇಸಿಗೆಯ ಏರ್ ಕೂಲರ್ ಕೂಡ ಇದೇ ಜಾತಿಗೆ ಸೇರಿದ್ದು.

ಕೆಳಗಿನ ಕ್ರಮ ಮುಖ್ಯವಾಗಿ ಅಲ್ಟ್ರಾಸಾನಿಕ್ ಯಂತ್ರಕ್ಕೆ. ಉಳಿದವುಗಳ ಮಾತು ಆಮೇಲೆ. ಯಂತ್ರದ ಜೊತೆ ಬಂದ ಕೈಪಿಡಿ ಎಲ್ಲೋ ಸಿಕ್ಕರೆ ಒಮ್ಮೆ ಓದಿ. ಅದರಲ್ಲಿ ಬೇರೆ ಸೂಚನೆ ಇದ್ದರೆ ಅದೇ ಮೇಲು.

ಬೇಕಾದದ್ದು

ಅಡುಗೆಗೆ ಬಳಸುವ ಬಿಳಿ ವಿನೆಗರ್ ಒಂದು ಬಾಟಲಿ. ಇಲ್ಲವೇ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು. ಹುಬ್ಬಳ್ಳಿಯ ದುರ್ಗದಬೈಲಿನಂಥ ಪೇಟೆಯ ದೊಡ್ಡ ಕಿರಾಣಿ ಅಂಗಡಿಗಳಲ್ಲಿ ಸಿಗುತ್ತದೆ. ನನ್ನ ಒಲವು ನಿಂಬೆ ಉಪ್ಪಿನ ಕಡೆಗೆ. ಕಡಿಮೆ ಖರ್ಚು, ವಾಸನೆ ಇಲ್ಲ, ಡಬ್ಬಿಯಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ವಿನೆಗರ್ ವಾಸನೆ ಮಲಗುವ ಕೋಣೆಯಿಂದ ಹೋಗಲು ಎರಡು ದಿನ ಬೇಕು. ಜೊತೆಗೆ ಹಳೆಯ, ಮೆತ್ತಗಾದ ಹಲ್ಲುಜ್ಜುವ ಬ್ರಷ್, ಕಿವಿಗೆ ಬಳಸುವ ಹತ್ತಿಯ ಕಡ್ಡಿ, ಹಳೆಯ ಬನಿಯನ್ ಬಟ್ಟೆ, ಒಂದು ಪ್ಲಾಸ್ಟಿಕ್ ಬೋಗುಣಿ.

ಮನೆಯಲ್ಲಿರುವ ನಿಂಬೆಹಣ್ಣನ್ನೇ ಹಿಂಡಿದರೆ ಆಗದೇ ಎಂದು ಕೇಳುವವರಿರುತ್ತಾರೆ. ನಿಂಬೆರಸದಲ್ಲಿರುವುದೂ ಅದೇ ಆಮ್ಲ, ಸುಣ್ಣ ಕರಗುತ್ತದೆ. ಆದರೆ ರಸದ ತಿರುಳು, ಸಕ್ಕರೆ ಅಂಶ ಬಿರುಕುಗಳಲ್ಲಿ ಉಳಿದು ಬೂಷ್ಟಿಗೆ ಆಹಾರವಾಗುತ್ತವೆ. ಹುಣಸೆಹಣ್ಣು ತಾಮ್ರದ ತಂಬಿಗೆಗೆ ಸರಿ, ಇಲ್ಲಿಗೆ ಬೇಡ. ಶೌಚಾಲಯ ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ. ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ, ಅದರ ಉಳಿಕೆ ಮಂಜಿನಲ್ಲಿ ಸೇರಿ ಎದೆಗೆ ಹೋಗುತ್ತದೆ.

ಇನ್ನೊಂದು ಮೊಬೈಲ್ ವಿಡಿಯೋಗಳ ಕೊಡುಗೆ. ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಬುಸುಬುಸು ನೊರೆ ಬರಿಸುವುದು. ನೋಡಲು ಚೆನ್ನ. ಆದರೆ ಸೋಡಾ ಆಮ್ಲವನ್ನು ಅಲ್ಲೇ ಕೊಂದುಹಾಕುತ್ತದೆ. ಸುಣ್ಣಕ್ಕೆ ಮುಟ್ಟಬೇಕಾದ ಹುಳಿಯನ್ನು ನೊರೆಗೆ ಖರ್ಚು ಮಾಡಿದ ಹಾಗಾಯಿತು.

ತೆಗೆಯುವ ಕ್ರಮ

ಮೊದಲು ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು, ವೈರ್ ಗೋಡೆಯಿಂದ ಹೊರಗೆ ಬರಬೇಕು. ತೊಟ್ಟಿಯನ್ನು ಎತ್ತಿ ನೀರು ಚೆಲ್ಲಿ. ಕೆಳಗಿನ ಬುಡದಲ್ಲಿ ಉಳಿದ ನೀರನ್ನು ಹೊರಹಾಕುವಾಗ ಮಾತ್ರ ಒಂದು ಎಚ್ಚರಿಕೆ. ಬುಡದ ಒಂದು ಪಕ್ಕದಲ್ಲಿ ಫ್ಯಾನಿನ ಗಾಳಿ ಬರುವ ಕಿಂಡಿ ಇರುತ್ತದೆ. ಅದರ ಎದುರಿನ ಪಕ್ಕದಿಂದ ಬಗ್ಗಿಸಿ ಚೆಲ್ಲಬೇಕು. ಕೆಲವು ಕಂಪನಿಗಳು ಯಾವ ಕಡೆ ಬಗ್ಗಿಸಬೇಕೆಂದು ಬಾಣದ ಗುರುತು ಹಾಕಿರುತ್ತವೆ. ಗಾಳಿಯ ಕಿಂಡಿಗೆ ನೀರು ಇಳಿದರೆ ಅದರ ಕೆಳಗಿನ ಸರ್ಕ್ಯೂಟ್ ಬೋರ್ಡಿನ ಕಥೆ ಅಲ್ಲಿಗೆ ಮುಗಿಯುತ್ತದೆ. ಇದೇ ಕಾರಣಕ್ಕೆ ಬುಡವನ್ನು ನಳದ ಕೆಳಗೆ ಹಿಡಿಯುವುದು, ಬಕೆಟ್ಟಿನಲ್ಲಿ ಮುಳುಗಿಸುವುದು ಎರಡೂ ಬೇಡ.

ಈಗ ಹುಳಿ ನೀರು. ಒಂದು ಲೀಟರ್ ಬೆಚ್ಚನೆಯ ನೀರಿಗೆ ಸುಮಾರು 30 ಗ್ರಾಂ ನಿಂಬೆ ಉಪ್ಪು, ಅಂದರೆ ಎರಡು ದೊಡ್ಡ ಚಮಚ, ಹಾಕಿ ಪೂರ್ತಿ ಕರಗಿಸಿ. ಕುದಿಯುವ ನೀರು ಬೇಡ. ಪ್ಲಾಸ್ಟಿಕ್ ಸೊಟ್ಟಾಗುತ್ತದೆ, ಮೇಲಾಗಿ ಬಿಸಿ ಹೆಚ್ಚಾದಷ್ಟೂ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಬಿಳಿ ಪುಡಿ ಕರಗದೆ ತಳಕ್ಕೆ ಇಳಿಯುತ್ತದೆ. ಮುಟ್ಟಿದರೆ ಬೆಚ್ಚಗೆ ಅನ್ನಿಸಿದರೆ ಸಾಕು. ವಿನೆಗರ್ ಬಳಸುವುದಾದರೆ ತೊಟ್ಟಿಗೆ ಸಮಪಾಲು ನೀರು ಬೆರೆಸಿ, ಬಿಲ್ಲೆ ಇರುವ ಬಟ್ಟಲಿಗೆ ಹಾಗೆಯೇ ಸುರಿಯಿರಿ.

ಬಟ್ಟಲಿನಲ್ಲಿ ಬಿಲ್ಲೆ ಮುಳುಗಿ, ಸುತ್ತಲಿನ ಪದರವೂ ಮುಳುಗುವಷ್ಟು ಹುಳಿ ನೀರು ಹಾಕಿ. ಗಾಳಿಯ ಕಿಂಡಿಯ ಮಟ್ಟಕ್ಕಿಂತ ಕೆಳಗೇ ನಿಲ್ಲಬೇಕು. ಒಂದು ನಿಮಿಷ ಸುಮ್ಮನೆ ನೋಡಿ. ಪದರದ ಅಂಚಿನಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳತೊಡಗುತ್ತವೆ. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚುರುಗುಟ್ಟುವುದು ಕೇಳುತ್ತದೆ. ಕಾರ್ಬನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತಿದೆ ಎಂದರ್ಥ. ಗುಳ್ಳೆ ಏಳುತ್ತಿರುವವರೆಗೆ ಕೆಲಸ ನಡೆಯುತ್ತಿದೆ, ನೀವು ಮಧ್ಯೆ ಕೈ ಹಾಕಬೇಕಾಗಿಲ್ಲ.

ತೆಳು ಪದರಕ್ಕೆ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಸಾಕು. ದಪ್ಪ ಪದರಕ್ಕೆ ಅದೇ ನೀರನ್ನು ರಾತ್ರಿಯಿಡೀ ಬಿಡುವುದಕ್ಕಿಂತ ಅರ್ಧ ಗಂಟೆಗೊಮ್ಮೆ ಚೆಲ್ಲಿ ಹೊಸದು ಹಾಕುವುದು ಲೇಸು. ಕಾರಣ ಸರಳ. 30 ಗ್ರಾಂ ನಿಂಬೆ ಉಪ್ಪು ಲೆಕ್ಕಕ್ಕೆ ಸುಮಾರು 23 ಗ್ರಾಂ ಸುಣ್ಣವನ್ನಷ್ಟೇ ಕರಗಿಸಬಲ್ಲದು. ಬಟ್ಟಲಿನಲ್ಲಿ ಹಿಡಿಸುವುದು ಒಂದು ಲೋಟ ಹುಳಿ ನೀರು, ಅದರಲ್ಲಿನ ಆಮ್ಲ ಬೇಗ ಮುಗಿದುಹೋಗುತ್ತದೆ. ಪದರ ಇನ್ನೂ ಇದ್ದು ಗುಳ್ಳೆ ನಿಂತಿದ್ದರೆ ನೀರು ಬದಲಿಸುವ ಹೊತ್ತು ಬಂದಿದೆ. ಬಿಲ್ಲೆ ಮತ್ತು ರಬ್ಬರ್ ಉಂಗುರಗಳು ಗಂಟೆಗಟ್ಟಲೆ ಆಮ್ಲದಲ್ಲಿ ನೆನೆಯುವುದೂ ಒಳ್ಳೆಯದಲ್ಲ.

ನೆನೆಯುವ ಹೊತ್ತಿನಲ್ಲಿ ಯಂತ್ರವನ್ನು ಚಾಲೂ ಮಾಡಬೇಡಿ. ಓಡಿಸಿದರೆ ಒಳಗಿನ ನಳಿಗೆ ತಾನೇ ತೊಳೆದುಹೋಗುತ್ತದೆ ಎಂಬ ಯೋಚನೆ ಕೆಲವರಿಗೆ ಬರುತ್ತದೆ. ಅಲ್ಟ್ರಾಸಾನಿಕ್ ಯಂತ್ರ ಹುಳಿಯನ್ನೇ ಮಂಜು ಮಾಡಿ ಕೋಣೆಗೆ ಊದುತ್ತದೆ, ಕಣ್ಣು ಗಂಟಲು ಉರಿ ಹತ್ತುತ್ತದೆ.

ಇತ್ತ ತೊಟ್ಟಿಗೂ ಅದೇ ಹುಳಿ ನೀರು ಹಾಕಿ, ಮುಚ್ಚಳ ಬಿಗಿದು, ಅಲುಗಾಡಿಸಿ, ಮಗ್ಗುಲು ಬದಲಿಸುತ್ತಾ ಇಡಿ. ಮುಚ್ಚಳದಲ್ಲಿ ಸ್ಪ್ರಿಂಗ್ ಇರುವ ಕವಾಟವೊಂದಿರುತ್ತದೆ. ಬುಡದ ಮೇಲೆ ಕೂತಾಗ ಅದು ತೆರೆದುಕೊಂಡು ನೀರು ಬಿಡುತ್ತದೆ. ಅದರ ಕೆಳಗೆ ಸುಣ್ಣ ಸಿಕ್ಕಿಕೊಂಡರೆ ಪೂರ್ತಿ ಮುಚ್ಚುವುದಿಲ್ಲ, ಯಂತ್ರ ಮೇಜಿನ ಮೇಲೆಲ್ಲ ನೀರು ಬಿಡುತ್ತದೆ. ಮುಚ್ಚಳ, ಮಂಜು ಬರುವ ಮೂತಿ, ನೀರಿನ ಮಟ್ಟ ತಿಳಿಸುವ ತೇಲುಬಿರಡೆ, ಹೀಗೆ ಕಳಚಿ ಬರುವುದನ್ನೆಲ್ಲ ಬೋಗುಣಿಯ ಹುಳಿ ನೀರಿನಲ್ಲಿ ಮುಳುಗಿಸಿ. ತೇಲುಬಿರಡೆಯನ್ನು ತೆಗೆಯುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅದರೊಳಗೆ ಪುಟ್ಟ ಅಯಸ್ಕಾಂತ ಇರುತ್ತದೆ, ತಲೆಕೆಳಗಾಗಿ ಕೂರಿಸಿದರೆ ತೊಟ್ಟಿ ತುಂಬಿದ್ದರೂ ಯಂತ್ರ ‘ನೀರಿಲ್ಲ’ ಎಂದು ಕೆಂಪು ದೀಪ ತೋರಿಸುತ್ತದೆ. ಅರ್ಧ ದಿನ ತಲೆ ಕೆಡಿಸಿಕೊಂಡರೂ ಕಾರಣ ಹೊಳೆಯದ ತೊಂದರೆ ಇದು.

ನೆನೆದಾದ ಮೇಲೆ ಬಿಲ್ಲೆಯನ್ನು ಹತ್ತಿಯ ಕಡ್ಡಿಯಿಂದ ಮೃದುವಾಗಿ ಸವರಿ. ಒತ್ತಬೇಡಿ. ಪದರ ಮೆತ್ತಗಾಗಿದ್ದರೆ ಹಕ್ಕಳೆಯಾಗಿ ತಾನೇ ಏಳುತ್ತದೆ, ಏಳದಿದ್ದರೆ ಇನ್ನೊಂದು ಸುತ್ತು ನೆನೆಸಿ. ಬಿಲ್ಲೆಯ ಮೇಲಿನ ಹೊದಿಕೆ ಬಹಳ ತೆಳು, ಉಗುರಿನಿಂದ ಕೆರೆದರೂ ಗೀರು ಬೀಳಬಹುದು. ಗೀರು ಬಿದ್ದ ಕಡೆಯಿಂದಲೇ ಅದು ಹಾಳಾಗತೊಡಗುತ್ತದೆ. ಬಟ್ಟಲಿನ ಮೂಲೆ, ಪ್ಲಾಸ್ಟಿಕ್ ಗೋಡೆಗಳಿಗೆ ಬ್ರಷ್ ಹಾಕಬಹುದು. ಅಲ್ಲೂ ತಂತಿ ಜುಂಗು, ಪಾತ್ರೆಯ ಹಸಿರು ಜುಂಗು ಬೇಡ. ಗೀರು ಬಿದ್ದ ಪ್ಲಾಸ್ಟಿಕ್ಕಿಗೆ ಮುಂದಿನ ಸಲ ಸುಣ್ಣ ಇನ್ನೂ ಬೇಗ ಅಂಟುತ್ತದೆ.

ಕೊನೆಗೆ ತೊಳೆಯುವುದು. ತೊಟ್ಟಿ, ಮುಚ್ಚಳ, ಮೂತಿಗಳನ್ನು ಮೂರು ನಾಲ್ಕು ಸಲ ಹೊಸ ನೀರಿನಲ್ಲಿ ಜಾಲಿಸಿ. ಬುಡದ ಬಟ್ಟಲಿಗೆ ಲೋಟದಿಂದ ನೀರು ಹಾಕಿ, ಬಟ್ಟೆಯಿಂದ ಒರೆಸಿ ತೆಗೆಯಿರಿ, ಹುಳಿ ವಾಸನೆ, ಜಿಗುಟು ಇಲ್ಲವಾಗುವವರೆಗೆ. ಸಾಬೂನು ಹಾಕಿದ್ದರೆ ಇನ್ನೂ ಎರಡು ಸಲ ಹೆಚ್ಚು. ಬಿಲ್ಲೆಯ ಮೇಲೆ ಸಾಬೂನಿನ ಪೊರೆ ಉಳಿದರೂ ಮಂಜು ಕಡಿಮೆಯಾಗುತ್ತದೆ. ಎಲ್ಲವನ್ನೂ ಗಾಳಿಗೆ ಆರಲು ಬಿಟ್ಟು, ಜೋಡಿಸಿ, ಮೊದಲ ಸಲ ಒಳ್ಳೆಯ ನೀರು ಹಾಕಿ ಹಿತ್ತಲಿನಲ್ಲೋ ಕಟ್ಟೆಯ ಮೇಲೋ ಹತ್ತು ನಿಮಿಷ ಓಡಿಸಿ. ಆಮೇಲೆ ಕೋಣೆಗೆ ಒಯ್ಯಿರಿ. ತೊಟ್ಟಿ ಖಾಲಿ ಇದ್ದಾಗ ಓಡಿಸಿ ನೋಡುವ ಚಪಲ ಬೇಡ. ನೀರಿಲ್ಲದೆ ಕಂಪಿಸಿದ ಬಿಲ್ಲೆ ಕ್ಷಣದಲ್ಲಿ ಕಾದು ಸುಟ್ಟುಹೋಗುತ್ತದೆ.

ಎಷ್ಟು ನೆನೆಸಿದರೂ ಹೋಗದ ಪದರ

ಕೆಲವೊಮ್ಮೆ ಗುಳ್ಳೆಯೇ ಏಳುವುದಿಲ್ಲ. ಪದರ ಗಾಜಿನ ಹಾಗೆ ನುಣುಪಾಗಿ, ಗಟ್ಟಿಯಾಗಿರುತ್ತದೆ. ಅದರಲ್ಲಿ ಸಿಲಿಕಾ ಅಥವಾ ಕ್ಯಾಲ್ಸಿಯಂ ಸಲ್ಫೇಟ್ ಹೆಚ್ಚಿರಬಹುದು. ಇವೆರಡೂ ಅಡುಗೆಮನೆಯ ಹುಳಿಗೆ ಜಗ್ಗುವುದಿಲ್ಲ. ಬಟ್ಟಲಿನ ಗೋಡೆಯಲ್ಲಿದ್ದರೆ ಬಿಟ್ಟುಬಿಡಿ, ಕೆಲಸಕ್ಕೆ ಅಡ್ಡಿಯಿಲ್ಲ. ಬಿಲ್ಲೆಯ ಮೇಲೇ ಕೂತು ಮಂಜು ಬರದಿದ್ದರೆ ಬಿಲ್ಲೆ ಬದಲಿಸುವುದೇ ದಾರಿ. 16, 20, 25 ಮಿಲಿಮೀಟರ್ ಅಳತೆಯ ಬಿಲ್ಲೆಗಳು ಬಿಡಿಯಾಗಿ ಸಿಗುತ್ತವೆ. ಹುಬ್ಬಳ್ಳಿಯಲ್ಲಾದರೆ ದಾಜಿಬಾನಪೇಟೆಯ ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಬಹುದು, ಇಲ್ಲದಿದ್ದರೆ ಆನ್‌ಲೈನ್. ಅಳತೆ ಸರಿಯಿದ್ದರೆ ಸಾಲದು, ಕಂಪನದ ಆವರ್ತನವೂ ಹಳೆಯದಕ್ಕೆ ಹೊಂದಬೇಕು. ಬೆಸುಗೆ ಹಾಕಿ ಕೂರಿಸುವ ಕೆಲಸ, ರಿಪೇರಿ ಗೊತ್ತಿದ್ದವರಿಗೇ ಕೊಡಿ.

ಪದರ ಕೆಂಪು-ಕಂದು ಬಣ್ಣದ್ದಾಗಿದ್ದರೆ ನೀರಿನಲ್ಲಿ ಕಬ್ಬಿಣದ ಅಂಶವಿದೆ. ನಿಂಬೆ ಉಪ್ಪು ಅದಕ್ಕೆ ವಿನೆಗರ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕೈಗೆ ಲೋಳೆ ಹತ್ತುವ ಗುಲಾಬಿ ಅಥವಾ ಕಪ್ಪು ಕಲೆಯಿದ್ದರೆ ಅದು ಲವಣವಲ್ಲ, ಸೂಕ್ಷ್ಮಜೀವಿಗಳ ಬೆಳೆ. ಅದರ ಉಪಚಾರವೇ ಬೇರೆ.

ಸುಣ್ಣ ತೆಗೆದರೆ ಕ್ರಿಮಿ ಹೋದಂತಲ್ಲ

ಹುಳಿ ಸುಣ್ಣವನ್ನು ಕರಗಿಸುತ್ತದೆ, ಸೋಂಕು ನಿವಾರಣೆಗೆ ಅದನ್ನೇ ನಂಬಿ ಕೂರಬಾರದು. ಸುಣ್ಣ ಪೂರ್ತಿ ತೆಗೆದು ತೊಳೆದ ಮೇಲೆ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಅರ್ಧ ಗಂಟೆ ಬಿಟ್ಟು ಮತ್ತೆ ಚೆನ್ನಾಗಿ ತೊಳೆಯಿರಿ. ಔಷಧ ಅಂಗಡಿಯ ಬಾಟಲಿಯ ಮೇಲೆ ಶೇಕಡಾ 6 ಎಂದಿದ್ದರೆ ಅಷ್ಟೇ ನೀರು ಬೆರೆಸಿಕೊಳ್ಳಿ. ಪದರ ಇರುವಾಗಲೇ ಹಾಕಿದರೆ ಕ್ರಿಮಿಗಳು ಅದರ ಬಿರುಕುಗಳಲ್ಲಿ ಅಡಗಿ ಉಳಿಯುತ್ತವೆ, ಅದಕ್ಕೇ ಈ ಕ್ರಮ.

ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರವವನ್ನು ಹುಳಿಯ ಜೊತೆ, ಹುಳಿಯ ಹಿಂದೆ, ಹುಳಿಯ ಮುಂದೆ ಯಾವಾಗಲೂ ಬೆರೆಯಲು ಬಿಡಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸ್ನಾನದ ಮನೆಯಲ್ಲಿ ಅದು ಪ್ರಾಣಕ್ಕೆ ಅಪಾಯ. ಪೆರಾಕ್ಸೈಡನ್ನೂ ವಿನೆಗರ್ ಜೊತೆ ಬೆರೆಸಬೇಡಿ.

ಆಸ್ಪತ್ರೆಯಿಂದ ಬರೆದುಕೊಟ್ಟ ನೆಬ್ಯುಲೈಜರ್ ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ನಳದ ನೀರೇ ಸಲ್ಲದು. ವೈದ್ಯರು ಹೇಳಿದ ದ್ರಾವಣ, ಅವರು ಹೇಳಿದ ಶುಚಿ ಕ್ರಮ ಮಾತ್ರ.

ಹಬೆ ಯಂತ್ರ ಮತ್ತು ಕೂಲರ್

ಶೀತವಾದಾಗ ಮುಖಕ್ಕೆ ಹಬೆ ಹಿಡಿಯುವ ಸಣ್ಣ ಯಂತ್ರದಲ್ಲಿ ಸುಣ್ಣ ಬೇಗ ಕಟ್ಟುತ್ತದೆ, ತೆಗೆಯುವುದೂ ಸುಲಭ. ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಹುಳಿ ನೀರು ತುಂಬಿ ಒಂದು ಗಂಟೆ ಇಡಿ, ಚೆಲ್ಲಿ, ತೊಳೆಯಿರಿ. ಹುಳಿ ಇರುವಾಗ ಸ್ವಿಚ್ ಹಾಕಬೇಡಿ. ಸುಣ್ಣ ದಪ್ಪವಾದಷ್ಟೂ ಶಾಖ ನೀರಿಗೆ ತಲುಪುವುದು ತಡವಾಗುತ್ತದೆ, ಕಾಯಿಲ್ ಹೆಚ್ಚು ಕಾದು ಕೊನೆಗೆ ಸುಡುತ್ತದೆ. ಗೀಸರ್ ಸುಡುವುದೂ ಇದೇ ಕಾರಣಕ್ಕೆ. ಬತ್ತಿಯ ಬಗೆಯಲ್ಲಿ ಬತ್ತಿ ಗಟ್ಟಿಯಾಗಿ ಕಟುಕಟು ಅನ್ನುತ್ತಿದ್ದರೆ ತೊಳೆಯುತ್ತ ಕೂರುವುದಕ್ಕಿಂತ ಹೊಸದು ಹಾಕುವುದು ವಾಸಿ.

ಕೂಲರ್‌ನ ಕಥೆ ಸ್ವಲ್ಪ ದೊಡ್ಡದು. ಮಾರ್ಚ್‌ನಿಂದ ಮೇವರೆಗೆ ಹಗಲು ರಾತ್ರಿ ಓಡುವ ಅದು ದಿನಕ್ಕೆ ಹತ್ತಾರು ಲೀಟರ್ ನೀರು ಕುಡಿಯುತ್ತದೆ. ಆವಿಯಾಗಿ ಹೋಗುವುದು ಬರೀ ನೀರು, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ಮೇಲಿಂದ ಮೇಲೆ ಬೋರ್ ನೀರು ಸುರಿಯುತ್ತಾ ಹೋದರೆ ಒಂದು ವಾರದಲ್ಲಿ ತೊಟ್ಟಿಯ ನೀರು ಬೋರ್ ನೀರಿಗಿಂತ ಎಷ್ಟೋ ಪಟ್ಟು ಸವಳಾಗಿರುತ್ತದೆ. ಹಾಗಾಗಿ ಎರಡು ಮೂರು ದಿನಕ್ಕೊಮ್ಮೆ ತಳದ ಬಿರಡೆ ತೆಗೆದು ಹಳೆಯ ನೀರನ್ನು ಪೂರ್ತಿ ಬಿಟ್ಟುಬಿಡುವುದೇ ಕೂಲರ್‌ಗೆ ಮಾಡುವ ದೊಡ್ಡ ಉಪಕಾರ. ನೀರು ಬರುವುದೇ ಅಪರೂಪವಾದ ಓಣಿಯಲ್ಲಿ ಚೆಲ್ಲಲು ಮನಸ್ಸು ಬಾರದು, ನಿಜ. ಶೌಚಾಲಯಕ್ಕೋ ಅಂಗಳ ತೊಳೆಯಲಿಕ್ಕೋ ಬಳಸಿ, ಗಿಡಗಳ ಬುಡಕ್ಕೆ ಮಾತ್ರ ಬೇಡ.

ಪ್ಯಾಡಿನ ಮೇಲೆ ಒಣಗಿದ ಉದ್ದ ಪಟ್ಟಿಗಳು ಕಂಡರೆ ಮೇಲಿನ ನೀರು ಹನಿಸುವ ಕೊಳವೆಯ ತೂತುಗಳು ಸುಣ್ಣದಿಂದ ಮುಚ್ಚಿವೆ ಎಂದು ತಿಳಿಯಬೇಕು. ಪ್ಲಗ್ ಕಿತ್ತು, ಕೊಳವೆಯನ್ನು ಬಿಚ್ಚಿ ಹುಳಿ ನೀರಿನಲ್ಲಿ ನೆನೆಸಿ, ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಪಂಪಿನ ತಳದ ಜಾಲರಿ ತೆಗೆದರೆ ಪುಟ್ಟ ಚಕ್ರ ಕಾಣುತ್ತದೆ, ಅದು ಬೆರಳಿಗೆ ಸಲೀಸಾಗಿ ತಿರುಗುವವರೆಗೆ ಆ ಭಾಗವನ್ನು ನೆನೆಸಿ. ಜೇನುಗೂಡಿನಂಥ ಪ್ಯಾಡನ್ನು ತೆಳು ಹುಳಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ನೀರನ್ನು ಮೆಲ್ಲಗೆ ಹರಿಸಿ ತೊಳೆಯಬಹುದು. ಜೋರಾಗಿ ಪೈಪ್ ಹಿಡಿದರೆ ಕಾಗದದ ಪದರಗಳು ಹರಿಯುತ್ತವೆ. ಕಟ್ಟಿಗೆಯ ನಾರಿನ ಪ್ಯಾಡಿಗೆ ಇಷ್ಟೆಲ್ಲ ಮರ್ಯಾದೆ ಬೇಡ, ವರ್ಷಕ್ಕೊಮ್ಮೆ ಬದಲಿಸಿ. ತಗಡಿನ ಕೂಲರ್ ಇದ್ದವರು ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಸುಣ್ಣಕ್ಕಿಂತ ಅದು ಜರೂರಿನ ಕೆಲಸ.

ಮುಂದೆ ಯಾವ ನೀರು ಹಾಕಬೇಕು

ಸುಣ್ಣ ತೆಗೆಯುವುದರಲ್ಲಿ ಎಷ್ಟೇ ಪಳಗಿದರೂ ತಿಂಗಳಿಗೆ 54 ಗ್ರಾಂ ಒಳಗೆ ಹೋಗುತ್ತಿದ್ದರೆ ಗೆಲ್ಲುವುದು ಸುಣ್ಣವೇ. ಆದ್ದರಿಂದ ನೀರನ್ನೇ ಬದಲಿಸಬೇಕು.

ಮನೆಯ ಆರ್‌ಓ ಯಂತ್ರದ ನೀರು ಅಥವಾ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ನೀರು ನಮ್ಮ ಕಡೆ ಕೈಗೆಟುಕುವ ಒಳ್ಳೆಯ ದಾರಿ. ಅದರಲ್ಲೂ ಸ್ವಲ್ಪ ಲವಣ ಇರುತ್ತದೆ, ಆದರೆ ಬೋರ್ ನೀರಿನ ಲೆಕ್ಕದಲ್ಲಿ ಅತ್ಯಲ್ಪ. ಆರ್‌ಓ ಯಂತ್ರದ ಪಕ್ಕದ ನಳಿಗೆಯಿಂದ ಬಕೆಟ್ಟಿಗೆ ಬೀಳುವ ನೀರು ಮಾತ್ರ ಬೇಡ. ಅದನ್ನು ಹಾಳು ಮಾಡಬಾರದೆಂದು ತುಂಬಿಟ್ಟುಕೊಂಡು ಕೂಲರ್‌ಗೆ, ಹ್ಯುಮಿಡಿಫೈಯರ್‌ಗೆ ಸುರಿಯುವ ಮನೆಗಳಿವೆ. ಉದ್ದೇಶ ಒಳ್ಳೆಯದೇ. ಆದರೆ ಒಳ್ಳೆಯ ನೀರಿನಿಂದ ಬೇರ್ಪಡಿಸಿದ ಲವಣವೆಲ್ಲ ಇರುವುದು ಆ ಬಕೆಟ್ಟಿನಲ್ಲೇ. ನೆಲ ಒರೆಸಲು ಅದನ್ನು ಇಟ್ಟುಕೊಳ್ಳಿ.

ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಲವಣ ಇರುವುದಿಲ್ಲ. ಸೀಲ್ ಒಡೆಯದ ಡಬ್ಬಿಯನ್ನೇ ಕೊಳ್ಳಿ, ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಅಂಥದೇ ಡಬ್ಬಿಯಲ್ಲಿ ಇರುತ್ತದೆ ಎಂಬುದನ್ನು ಮರೆಯಬೇಡಿ. ಕುಡಿಯುವ ಗುಣಮಟ್ಟಕ್ಕೆಂದು ತಯಾರಿಸಿದ ನೀರು ಅದಲ್ಲವಾದ್ದರಿಂದ ಮಗುವಿನ ಕೋಣೆಗೆ ನಾನು ಆರ್‌ಓ ನೀರನ್ನೇ ಹೇಳುತ್ತೇನೆ. ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲೂ ಲವಣ ಇಲ್ಲ. ಆದರೆ ಅದು ದೂಳು, ಬೂಷ್ಟು ಹಿಡಿದ ಕಾಯಿಲ್ ತೊಳೆದುಕೊಂಡು ಬಂದದ್ದು, ಮಂಜು ಮಾಡಿ ಉಸಿರಾಡಲು ತಕ್ಕದ್ದಲ್ಲ. ನೀರು ಕುದಿಸಿ, ಆರಿಸಿ, ಮೇಲಿನದನ್ನಷ್ಟೇ ಬಸಿದುಕೊಂಡರೆ ಬೈಕಾರ್ಬನೇಟಿನ ಗಡಸುತನ ತಕ್ಕಮಟ್ಟಿಗೆ ಇಳಿಯುತ್ತದೆ, ಉಳಿದ ಲವಣಗಳು ಹಾಗೇ ಇರುತ್ತವೆ.

ಪೆನ್ನಿನಂತಿರುವ ಟಿಡಿಎಸ್ ಮೀಟರ್ ಒಂದು ಮನೆಯಲ್ಲಿದ್ದರೆ ಊಹೆಯ ಅಗತ್ಯವಿಲ್ಲ. ನೀರಿನಲ್ಲಿ ಕರಗಿದ ಒಟ್ಟು ಅಂಶದ ಅಂದಾಜನ್ನು ಅದು ತೋರಿಸುತ್ತದೆ, ಸುಣ್ಣವನ್ನಷ್ಟೇ ಬೇರೆ ಮಾಡಿ ಅಲ್ಲ. ಆದರೂ ನಳದ ದಿನ ಒಮ್ಮೆ, ಬೋರ್ ದಿನ ಒಮ್ಮೆ ಅದ್ದಿ ನೋಡಿದರೆ ನಿಮ್ಮ ಟಾಕಿಯ ಜಾತಕ ತಿಳಿಯುತ್ತದೆ. ಮೀಟರ್ ಇಲ್ಲದವರಿಗೆ ಸಾಬೂನು ಇದ್ದೇ ಇದೆ, ನೊರೆ ಬರಲು ಸತಾಯಿಸುವ ನೀರು ಯಂತ್ರಕ್ಕೂ ಬೇಡ.

ರೂಢಿ ಇಷ್ಟು: ದಿನವೂ ಬೆಳಿಗ್ಗೆ ಉಳಿದ ನೀರು ಚೆಲ್ಲಿ, ಬಟ್ಟಲು ಒರೆಸಿ, ತೊಟ್ಟಿಯನ್ನು ಬೋರಲು ಹಾಕಿ. ಮೂರು ದಿನಕ್ಕೊಮ್ಮೆ ಬ್ರಷ್ ಹಾಕಿ ತೊಳೆಯಿರಿ. ಆರ್‌ಓ ನೀರಾದರೆ ತಿಂಗಳಿಗೊಮ್ಮೆ, ಬೋರ್ ನೀರೇ ಗತಿಯಾದರೆ ವಾರಕ್ಕೊಮ್ಮೆ ಹುಳಿ ನೀರು. ಕೋಣೆಯ ತೇವಾಂಶ ಶೇಕಡಾ 30ರಿಂದ 50ರ ನಡುವೆ ಇದ್ದರೆ ಸಾಕು. ಗಾಜಿನ ಮೇಲೆ ಹನಿ ಕಟ್ಟುತ್ತಿದ್ದರೆ ಯಂತ್ರ ಹೆಚ್ಚು ಓಡುತ್ತಿದೆ. ಆಸ್ತಮಾ ಇದ್ದವರ ಅಥವಾ ಕೈಕೂಸಿನ ಕೋಣೆಯಲ್ಲಿ ಬಿಳಿ ಹುಡಿ ಕಂಡ ದಿನವೇ ನಿಲ್ಲಿಸಿ, ನೀರು ಬದಲಿಸಿದ ಮೇಲೆ ಶುರು ಮಾಡಿ.

ಜೂನ್‌ನಲ್ಲಿ ಧಾರವಾಡದ ಮಳೆ ಹಿಡಿದುಕೊಂಡ ಮೇಲೆ ಈ ಯಂತ್ರಕ್ಕೆ ಕೆಲಸವೇ ಇಲ್ಲ, ಗೋಡೆಗಳೇ ಬೆವರುತ್ತಿರುತ್ತವೆ. ಎತ್ತಿಡುವ ಮುನ್ನ ಒಮ್ಮೆ ಪೂರ್ತಿ ಸುಣ್ಣ ತೆಗೆದು, ಎರಡು ದಿನ ಬಿಡಿಬಿಡಿಯಾಗಿ ಆರಲು ಬಿಡಿ. ತೊಟ್ಟಿಯ ಮುಚ್ಚಳವನ್ನು ಬಿಗಿಯದೆ, ಪಕ್ಕದಲ್ಲೇ ಹಾಕಿ, ಹಳೆಯ ಪತ್ರಿಕೆ ಸುತ್ತಿ ಡಬ್ಬಿಯಲ್ಲಿಡಿ. ಮುಚ್ಚಳ ಬಿಗಿದಿಟ್ಟರೆ ಒಳಗುಳಿದ ಒಂದು ಹನಿಯೇ ನವೆಂಬರ್ ಹೊತ್ತಿಗೆ ಬೂಷ್ಟಾಗಿರುತ್ತದೆ.